ಕಾಲಿನ ಲೆಕ್ಕ ಕೈಯಲ್ಲಿ

ಲೋಕಲ್ ಗಾಡಿ ಕೊನೇ ಗಳಿಗೆಯಲ್ಲಿ ಪ್ಲಾಟ್‌ಫಾರಂ ಬದಲಾಯಿಸಿದರೂ ಬೈಯದ ಜನ ಈಗ ಮುಂಬಯಿಯಲ್ಲಿ ಕಾಣಸಿಗುತ್ತಾರೆ. ಮೊದಲು ಹೀಗಿರಲಿಲ್ಲ. ಅನೌನ್ಸ್‌ಮೆಂಟ್ ಕೇಳಿದ್ದೇ ತಡ, ಮರಾಠಿ, ಹಿಂದಿ, ತುಳು, ಕನ್ನಡ ಎಲ್ಲದರಲ್ಲೂ ಶಾಪ ಹಾಕುತ್ತ ಜನ ಸೇತುವೆಗೆ ನುಗ್ಗುತ್ತಿದ್ದರು. ಈಗಲೂ ನುಗ್ಗುತ್ತಾರೆ, ಶಾಪವೂ ಹಾಕುತ್ತಾರೆ. ಆದರೆ ನಡುವೆ ಒಬ್ಬಿಬ್ಬರು ಮಣಿಕಟ್ಟು ತಿರುಗಿಸಿ ನೋಡಿಕೊಂಡು, ಸಮಾಧಾನದ ಮುಖದಲ್ಲಿ ಮೆಟ್ಟಿಲು ಹತ್ತುತ್ತಾರೆ. ಅವರಿಗೆ ಆ ಮೆಟ್ಟಿಲು ಖರ್ಚಲ್ಲ, ಜಮೆ.

ಮಣಿಕಟ್ಟಿಗೆ ಕಟ್ಟಿಕೊಂಡರೆ ಹೆಜ್ಜೆ ಎಣಿಸುವ ಫಿಟ್‌ನೆಸ್ ಬ್ಯಾಂಡು ಈ ಊರಿಗೆ ಮಾಡಿದ ಉಪಕಾರ ಇದೇ ಅಂತ ನನಗನ್ನಿಸುತ್ತದೆ. ನಮ್ಮನ್ನು ಜಾಸ್ತಿ ನಡೆಸಿತೋ ಇಲ್ಲವೋ, ಹೇಗೂ ನಡೆಯುತ್ತಿದ್ದ ನಡಿಗೆಗೆ ಬೆಲೆ ತಂದುಕೊಟ್ಟಿತು. ಮನೆಯಿಂದ ಸ್ಟೇಷನ್ನು, ಸ್ಟೇಷನ್ನಿಂದ ಆಫೀಸು. ಇದನ್ನು ಮುಂಬಯಿಯಲ್ಲಿ ಯಾರೂ ವಾಕಿಂಗ್ ಅನ್ನುತ್ತಿರಲಿಲ್ಲ. ವಾಕಿಂಗ್ ಅಂದರೆ ಬೆಳಿಗ್ಗೆ ಬಿಳಿ ಬೂಟು ಹಾಕಿ ಫೈವ್ ಗಾರ್ಡನ್ಸ್ ಸುತ್ತುವವರದು. ದಾದರಿನಲ್ಲಿ ವೆಸ್ಟರ್ನ್ ಲೈನಿಂದ ಸೆಂಟ್ರಲ್ ಲೈನಿಗೆ ದಾಟುವವರದ್ದು ಬರೀ ಪರದಾಟ. ಅಲ್ಲಿ ಎರಡೂ ಲೈನುಗಳಲ್ಲಿ 1, 2, 3 ಅಂತ ಒಂದೇ ನಂಬರಿನ ಪ್ಲಾಟ್‌ಫಾರಂ ಇದ್ದವು. ಜನಕ್ಕೆ ಗೊಂದಲ ಬೇಡ ಅಂತ 2023ರ ಡಿಸೆಂಬರಿನಲ್ಲಿ ಸೆಂಟ್ರಲ್ ಕಡೆಯವಕ್ಕೆ 8ರಿಂದ 14ರ ವರೆಗೆ ಹೊಸ ನಂಬರು ಕೊಟ್ಟರು. 'ಛೆ, ದಾರಿ ತಪ್ಪಿದರೆ ನಾಲ್ಕು ಹೆಜ್ಜೆಯಾದರೂ ಸಿಗುತ್ತಿತ್ತು' ಅಂದ ನನ್ನ ಮೈದುನ. ತಮಾಷೆಗೇ ಅಂದಿರಬೇಕು. ಆದರೂ ಬ್ಯಾಂಡು ಚಾರ್ಜಿಗೆ ಹಾಕಿರುವಾಗ ಅವನನ್ನು ಕೊತ್ತಂಬರಿ ತರಲು ಕಳಿಸಿ ನೋಡಿ, ಹೋಗುವುದಿಲ್ಲ. ಲೆಕ್ಕಕ್ಕೆ ಸೇರದ ನಡಿಗೆ ನಷ್ಟ ಅಲ್ವಾ?

ತಮಾಷೆಯೆಂದರೆ, ಈ ಬ್ಯಾಂಡಿಗೆ ಕಾಲಿನ ಸುದ್ದಿಯೇ ಗೊತ್ತಿಲ್ಲ. ಅದರೊಳಗೆ ಅಕ್ಸೆಲರೋಮೀಟರ್ ಅಂತ ಒಂದು ಪುಟ್ಟ ಚಿಪ್ಪು. ಕೈ ಯಾವ ಕಡೆ, ಎಷ್ಟು ಜೋರಾಗಿ ಅಲುಗಿತು ಅಂತ ಅಳೆದು, ಆ ಲಯದಿಂದ ಹೆಜ್ಜೆಯನ್ನು ಊಹಿಸುತ್ತದೆ. ಹಾಗಾಗಿ ಮಾಟುಂಗಾ ಮಾರ್ಕೆಟಿನಿಂದ ಎರಡೂ ಕೈಯಲ್ಲಿ ತೆಂಗಿನಕಾಯಿ, ಬಾಳೆಲೆಯ ಚೀಲ ಹಿಡಿದು ಬಂದರೆ ಅರ್ಧಕ್ಕರ್ಧ ಹೆಜ್ಜೆ ಮಾಯ. ಕೂತಲ್ಲೇ ತಾಳ ಹಾಕಿದರೆ ಹೆಜ್ಜೆ ಉಂಟು! ನಮ್ಮ ಶನಿವಾರದ ಭಜನೆಯಲ್ಲಿ ಮಂಗಳಾರತಿ ಹೊತ್ತಿಗೆ ಒಬ್ಬರ ಕೈ ಬುರ್ ಬುರ್ ಅಂತ ನಡುಗಿತು. ನೋಡಿದರೆ ಗುರಿ ಮುಟ್ಟಿದ ಖುಷಿಗೆ ಪರದೆ ತುಂಬ ಪಟಾಕಿ. ಚಕ್ಕಳಮಕ್ಕಳ ಹಾಕಿ ಕೂತವರು ಎದ್ದೇ ಇರಲಿಲ್ಲ. 'ಎಲ್ಲ ಅವನ ಕೃಪೆ' ಅಂತ ಅವರು ಕಣ್ಣಿಗೆ ಆರತಿ ಒತ್ತಿಕೊಂಡರು.

ಬ್ಯಾಂಡಿನ ಹಿಂಬದಿಯ ಹಸಿರು ದೀಪ ಇದಕ್ಕಿಂತ ಪ್ರಾಮಾಣಿಕ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಎದೆ ಬಡಿದಾಗಲೆಲ್ಲ ಮಣಿಕಟ್ಟಿಗೆ ರಕ್ತ ಏರಿ, ತಿರುಗಿ ಬರುವ ಬೆಳಕು ಚೂರು ಕಮ್ಮಿಯಾಗುತ್ತದೆ. ಆ ಏರಿಳಿತವೇ ನಾಡಿಯ ಲೆಕ್ಕ. ಚೀಲ ಹೊತ್ತು ಮೂರನೇ ಮಾಳಿಗೆ ಹತ್ತಿದ್ದು ಹೆಜ್ಜೆಯ ಖಾತೆಗೆ ಬರದಿದ್ದರೂ, ಏದುಸಿರು ಬಿಟ್ಟದ್ದು ಇಲ್ಲಿ ಸಿಕ್ಕಿಬೀಳುತ್ತದೆ.

ದಿನಕ್ಕೆ 10,000 ಹೆಜ್ಜೆ ಅನ್ನುವುದನ್ನು ಯಾವುದೋ ದೊಡ್ಡ ಡಾಕ್ಟರು ಹೇಳಿದ್ದು ಅಂತ ಸುಮಾರು ಜನ ನಂಬಿದ್ದಾರೆ. ಅದು 1965ರಲ್ಲಿ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಯೆಣಿಕೆ ಯಂತ್ರ ಮಾರಲು ಹಿಡಿದ ಸಂಖ್ಯೆ. ಅಮೆರಿಕದಲ್ಲಿ ವಯಸ್ಸಾದ ಹೆಂಗಸರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವು ಎಷ್ಟೋ ಕಮ್ಮಿ ಇತ್ತು. 7,500ರ ಆಚೆಗೆ ಹೆಚ್ಚೇನೂ ಲಾಭ ಕಾಣಲಿಲ್ಲ. ಇದನ್ನು ಹೇಳಿದರೆ ಮಾತ್ರ ಯಾರಿಗೂ ರುಚಿಸುವುದಿಲ್ಲ. 10,000ಕ್ಕೆ ಒಂದು ತೂಕ ಉಂಟು. ನಮ್ಮವರೇ ಇಟ್ಟಿದ್ದರೆ ಮುಯ್ಯಿಯ ಲೆಕ್ಕದಲ್ಲಿ 10,001 ಇಡುತ್ತಿದ್ದರು.

ನನಗೆ ಸಿಟ್ಟು ಬರುವುದು ಗಂಟೆಗೊಮ್ಮೆ 'ಎದ್ದೇಳಿ' ಅಂತ ಬ್ಯಾಂಡು ತಿವಿಯುವಾಗ. ಇದನ್ನು ಮಾಡಿದವರು ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ, ಒಂದು ಪಕ್ಕೆ ಗಾಳಿಯಲ್ಲಿಟ್ಟು ಡೊಂಬಿವಿಲಿವರೆಗೆ ಹೋದವರಲ್ಲ. ಆ ಜಾಗ ಸಿಕ್ಕಿದವರಿಗೆ ಏಳು ಅನ್ನಬಾರದು, ಪಾಪ.

ಮಾಟುಂಗಾದ ನಮ್ಮ ಪರಿಚಯದ ಹೋಟೆಲಿನ ಧಣಿಗಳಿಗೂ ಇದೇ ದೂರು. ಉಡುಪಿ ಕಡೆಯಿಂದ ಹುಡುಗನಾಗಿದ್ದಾಗ ಬಂದವರು. ಹಗಲು ಟೇಬಲ್ ಒರೆಸಿ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಮೆಲ್ಲಗೆ ಗಲ್ಲಾ ಮುಟ್ಟಿದವರು. ಪುಣೆಯಲ್ಲಿರುವ ಮಗ ಒಂದು ಬ್ಯಾಂಡು ಕಟ್ಟಿ, ಅಪ್ಪನ ಲೆಕ್ಕ ತನ್ನ ಫೋನಿಗೂ ಬರುವ ಹಾಗೆ ಮಾಡಿ ಹೋದ. 'ನಲವತ್ತು ವರ್ಷ ನಿಂತು ಸಾಕಾಗಿ ಈಗ ಕೂತದ್ದು ಮಾರಾಯ್ರೆ. ಇದು ಕೂರ್ಲಿಕ್ಕೇ ಬಿಡುದಿಲ್ಲ' ಅಂತ ಚಿಲ್ಲರೆ ಎಣಿಸುತ್ತ ಗೊಣಗಿದರು. ಆಮೇಲೆ ಬ್ಯಾಂಡು ಬಿಚ್ಚಿ, ಸಪ್ಲೈ ಮಾಡುವ ಹುಡುಗನ ಎಡಗೈಗೆ ಕಟ್ಟಿಬಿಟ್ಟರು.

ಹುಡುಗ ಬೆಳಿಗ್ಗೆಯಿಂದ ಕೂತಿರಲಿಲ್ಲ. ಆದರೆ ಮಧ್ಯಾಹ್ನ ನೋಡಿದರೆ ಲೆಕ್ಕ ಏನೇನೂ ಸಾಲದು. ನಾಲ್ಕು ಪ್ಲೇಟು ಜೋಡಿಸಿಕೊಂಡ ಎಡಗೈ ಅಲುಗಿದರೆ ಸಾಂಬಾರು ಗಿರಾಕಿಯ ಮೈಮೇಲೆ ಚೆಲ್ಲುತ್ತದೆ. ಅಲುಗದ್ದೇ ಅವನ ಕಸುಬು. ಧಣಿಗಳು ಕನ್ನಡಕ ಏರಿಸಿ ಪರದೆ ನೋಡಿದರು, ಹುಡುಗನ ಕಾಲು ನೋಡಿದರು. 'ಇದಕ್ಕೆ ನಮ್ಮ ಕೆಲಸ ಗೊತ್ತಾಗುದಿಲ್ಲ' ಅಂದು ಬ್ಯಾಂಡನ್ನು ಬಲಗೈಗೆ ಬದಲಾಯಿಸಿದರು.

ರಾತ್ರಿ ಪುಣೆಯಿಂದ ಫೋನು ಬಂತಂತೆ. 'ಅಪ್ಪಾ, ಇವತ್ತು ಇಷ್ಟೊಂದು ನಡೆದ್ರಾ? ಈ ವಯಸ್ಸಿಗೆ ಸ್ವಲ್ಪ ಕಮ್ಮಿ ಮಾಡಿ.'

'ಹೋಟೆಲಲ್ಲಿ ರಶ್ ಇತ್ತು' ಅಂದರಂತೆ ಧಣಿಗಳು.