ಪ್ಯಾರಿಸ್ಸಿನಲ್ಲಿ ಕಪ್ಪೆ ತೂಕ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಕಟ್ಟಿದವರು ಪ್ಯಾರಿಸ್ ನೋಡಿರಲಿಕ್ಕಿಲ್ಲ. ಆದರೆ ಶನಿವಾರ ಬೆಳಿಗ್ಗೆ ಅಲ್ಲಿನ ಹೋಟೆಲೊಂದರ ಬಾಗಿಲಲ್ಲಿ ನಿಂತ ಆರು ಜನ ಗೆಳೆಯರನ್ನು ಕಂಡರೆ ಗಾದೆ ಅಲ್ಲೇ ಹುಟ್ಟಿತೇನೋ ಅನ್ನಿಸುತ್ತದೆ. ಏರಿ ಅಂದರೆ ಮೋಂಮಾರ್ತ್ ಗುಡ್ಡ, ನೀರು ಅಂದರೆ ಸೇನ್ ನದಿ. ಮೂವರಿಗೆ ಗುಡ್ಡವೇ ಮೊದಲಾಗಬೇಕು, ಇಬ್ಬರಿಗೆ ನದಿ. ಆರನೆಯವರ ಅಭಿಪ್ರಾಯ ಇನ್ನೂ ತಿಳಿದಿಲ್ಲ, ಅವರು ಸ್ನಾನಕ್ಕೆ ಹೋಗಿದ್ದಾರೆ.

ಗುಂಪಿನ ಪ್ರವಾಸದಲ್ಲಿ ಹೊತ್ತು ತಿನ್ನುವುದು ದೂರವಲ್ಲ, ತಲೆಯೆಣಿಕೆ. ಲೂವ್ರ್ ಮ್ಯೂಸಿಯಂನಿಂದ ನದಿ ದಾಟಿ ಓರ್ಸೆ ಮ್ಯೂಸಿಯಂಗೆ ಒಬ್ಬರೇ ನಡೆದರೆ ಕಾಲು ಗಂಟೆಯ ದಾರಿ. ಆರು ಮಂದಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಸೇತುವೆಯ ಮೇಲೆ ಒಬ್ಬರು ನಿಂತು ಫೋಟೋ ತೆಗೆಯುತ್ತಾರೆ, ಮುಂದೆ ಹೋದವರು ಅವರಿಗಾಗಿ ನಿಲ್ಲುತ್ತಾರೆ, ನಿಂತವರಿಗೆ ಹೊತ್ತು ಹೋಗದೆ ಫೋನ್ ಹೊರಗೆ ತೆಗೆಯುತ್ತಾರೆ, ಅಷ್ಟರಲ್ಲಿ ಹಿಂದಿನವರು ಇವರನ್ನು ದಾಟಿ ಮುಂದೆ ಹೋಗಿರುತ್ತಾರೆ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಹಾಗಾಗಿ ಅರ್ಧ ದಿನಕ್ಕೆ ಒಂದೇ ಒಂದು ಗಟ್ಟಿ ಕಾರ್ಯಕ್ರಮ, ಅದರ ಟಿಕೆಟ್ಟಿಗೆ ಮೊದಲೇ ವೇಳೆ ಗೊತ್ತುಮಾಡಿಕೊಂಡಿರಬೇಕು. ಉಳಿದದ್ದು ಸಿಕ್ಕಿದರೆ ಸಿಕ್ಕಿತು. ವಾರಾಂತ್ಯವನ್ನು ಒಂದು ದಿನ ಹಿಗ್ಗಿಸುವವರು ನೆನಪಿಡಬೇಕಾದ ಮಾತು: ಓರ್ಸೆಗೆ ಸೋಮವಾರ ರಜೆ, ಲೂವ್ರ್‌ಗೆ ಮಂಗಳವಾರ. ಶುಕ್ರವಾರ ಮಧ್ಯಾಹ್ನವೇ ಬಂದಿಳಿದವರಿಗೆ ಲೂವ್ರ್ ರಾತ್ರಿ 9ರವರೆಗೆ ತೆರೆದಿರುತ್ತದೆ. ಶನಿವಾರದ ನೂಕುನುಗ್ಗಲಿಗಿಂತ ಅದು ಎಷ್ಟೋ ವಾಸಿ.

ಮೆಟ್ರೋದಲ್ಲಿ ಮೊದಲ ಎಡವಟ್ಟು ಆಗುವುದು ಉಳಿತಾಯದ ಬುದ್ಧಿಯಿಂದ. ನವಿಗೋ ಈಸಿ ಎಂಬ ಕಾರ್ಡ್ ಇದೆ, ಬೆಲೆ 2 ಯೂರೋ, ಅದಕ್ಕೆ ಟಿಕೆಟ್ ತುಂಬಿಸಿಕೊಳ್ಳಬೇಕು. ಒಂದೇ ಕಾರ್ಡಿಗೆ ಆರು ಟಿಕೆಟ್ ಹಾಕಿಸಿ ಒಬ್ಬರ ಹಿಂದೆ ಒಬ್ಬರು ಒತ್ತಿಕೊಂಡು ಹೋಗೋಣ ಅಂದುಕೊಂಡರೆ ಮೊದಲನೆಯವರು ಒಳಗೆ, ಉಳಿದ ಐವರು ಹೊರಗೆ. ಜೊತೆಯಾಗಿ ಹೋಗುವಾಗ ತಲೆಗೊಂದು ಕಾರ್ಡ್ ಇರಲೇಬೇಕು. ಇಳಿದು ಹೊರಬರುವ ತನಕ ಅದು ಕೈಯಲ್ಲೇ ಇರಲಿ, ತಪಾಸಣೆಯವರು ಹೊರದಾರಿಯಲ್ಲೂ ನಿಂತಿರುತ್ತಾರೆ. ವಾರದ ಪಾಸ್ ಅಗ್ಗ ಎಂದು ಯಾರೋ ಓದಿಕೊಂಡು ಬಂದಿರುತ್ತಾರೆ. ಅದು ಕೊಂಡ ದಿನದಿಂದ ಏಳು ದಿನ ಅಲ್ಲ, ಸೋಮವಾರದಿಂದ ಭಾನುವಾರದವರೆಗೆ. ವಾರಾಂತ್ಯಕ್ಕೆ ಬಂದವರಿಗೆ ಅದರಿಂದ ಏನೂ ಗಿಟ್ಟುವುದಿಲ್ಲ.

ಇನ್ನು ಬಾಗಿಲು. ಕೆಲವು ಹಳೆಯ ಗಾಡಿಗಳ ಬಾಗಿಲು ತಾನಾಗಿ ತೆರೆಯುವುದಿಲ್ಲ, ಪುಟ್ಟದೊಂದು ಲೋಹದ ಹಿಡಿಯನ್ನು ನಾವೇ ಮೇಲೆತ್ತಬೇಕು. ಇದು ಗೊತ್ತಿಲ್ಲದ ಗುಂಪು ಮುಚ್ಚಿದ ಬಾಗಿಲೆದುರು ದೇವರ ಗರ್ಭಗುಡಿ ತೆರೆಯಲೆಂದು ಕಾಯುವ ಭಕ್ತರ ಹಾಗೆ ನಿಂತಿರುತ್ತದೆ, ಗಾಡಿ ಹೊರಟುಹೋಗುತ್ತದೆ. ಗೊತ್ತಿದ್ದವರೊಬ್ಬರು ಎತ್ತಿ ಒಳಗೆ ಕಾಲಿಟ್ಟರೆ ಇನ್ನೊಂದು ಕಥೆ: ಭೋಂಗು ಕೂಗುತ್ತದೆ, ಬಾಗಿಲು ಬಡಿದುಕೊಳ್ಳುತ್ತದೆ, ನಾಲ್ವರು ಒಳಗೆ ಇಬ್ಬರು ಹೊರಗೆ, ಗಾಜಿನ ಆಚೆ ಈಚೆ ಕೈಸನ್ನೆ. ಒಳಗಿನವರ ಸನ್ನೆಗೆ ‘ಅಲ್ಲೇ ಇರಿ’ ಎಂದು ಅರ್ಥ, ಹೊರಗಿನವರಿಗೆ ತಿಳಿದದ್ದು ‘ಮುಂದೆ ಬನ್ನಿ’. ಇದಕ್ಕೆ ಮದ್ದನ್ನು ಪ್ಲಾಟ್‌ಫಾರ್ಮಿಗೆ ಇಳಿಯುವ ಮೊದಲೇ ಅರೆದಿಟ್ಟುಕೊಳ್ಳಬೇಕು. ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲುವುದು, ಉಳಿದವರು ಮುಂದಿನ ಗಾಡಿ ಹತ್ತುವುದು. ಇಬ್ಬರೂ ಒಳ್ಳೆಯ ಮನಸ್ಸಿನಿಂದ ಹುಡುಕಿಕೊಂಡು ಹೊರಟರೆ ಒಬ್ಬರ ಗಾಡಿ ಇನ್ನೊಬ್ಬರ ಗಾಡಿಗೆ ಎದುರಾಗಿ ದಾಟಿಹೋಗುತ್ತದೆ.

‘ಕಳೆದುಹೋದರೆ ಪಿರಮಿಡ್ ಹತ್ತಿರ ಸಿಗೋಣ’ ಎಂಬ ಮಾತೂ ಅಷ್ಟೇ ಅಪಾಯದ್ದು. ಐ. ಎಂ. ಪೇ ವಿನ್ಯಾಸ ಮಾಡಿದ, 1989ರಲ್ಲಿ ಬಾಗಿಲು ತೆರೆದ ಗಾಜಿನ ಪಿರಮಿಡ್ ಲೂವ್ರ್ ಅಂಗಳದಲ್ಲಿ ದೊಡ್ಡದಾಗಿಯೇ ಕಾಣುತ್ತದೆ, ನಿಜ. ಸುತ್ತ ಮೂರು ಮರಿಗಳಿವೆ. ನೆಲದಡಿಯ ಅಂಗಡಿ ಸಾಲಿನಲ್ಲಿ ತಲೆಕೆಳಗಾಗಿ ತೂಗುವ ಐದನೆಯದೂ ಇದೆ. ಐದು ಪಿರಮಿಡ್, ಆರು ಜನ. ಶಾಟ್ಲೆ ನಿಲ್ದಾಣದ ಹೆಸರು ಹೇಳುವುದಂತೂ ಬೇಡವೇ ಬೇಡ, ಅದು ನೆಲದೊಳಗಿನ ಒಂದು ಊರು. ಒಂದು ಪ್ರತಿಮೆ, ಒಂದು ಗಡಿಯಾರ, ಒಂದು ಹೊತ್ತು, ಹೀಗೆ ಬೆರಳಿಟ್ಟು ತೋರಿಸುವಂಥದ್ದು ಬೇಕು.

ಫೋಟೋ ಲೆಕ್ಕ ಬೇರೆ. ಆರು ಜನರಲ್ಲಿ ಜೋಡಿಗಳೇ 15. ಎಲ್ಲ ಜೋಡಿಗೂ ಒಂದೊಂದು ಪಟ ಆಗಬೇಕು, ಆಮೇಲೆ ಇಡೀ ಗುಂಪಿನದು, ಅದರಲ್ಲಿ ಒಬ್ಬರ ಕಣ್ಣು ಮುಚ್ಚಿತೆಂದು ಮತ್ತೊಂದು. ಮೋನಾಲಿಸಾ ಮುಂದೆ ಇದು ನಡೆಯುವುದಿಲ್ಲ. ಆ ಚಿತ್ರ ಬರೀ 77 ಸೆಂಟಿಮೀಟರ್ ಎತ್ತರ, 53 ಅಗಲ. ಮುಂದಿನವರು ಎತ್ತಿಹಿಡಿದ ಫೋನುಗಳ ಪರದೆಯಲ್ಲೇ ಅದನ್ನು ಹೆಚ್ಚು ಸ್ಪಷ್ಟವಾಗಿ ನೋಡಬಹುದು. ಅಲ್ಲಿ ಬೆನ್ನು ತಿರುಗಿಸಬೇಕು. ಎದುರು ಗೋಡೆಯಲ್ಲಿ ಚಿತ್ರಕಾರ ವೆರೊನೇಸೆ ಬರೆದ, ಬೈಬಲಿನ ಕಾನಾ ಮದುವೆಯೂಟದ ಚಿತ್ರವಿದೆ: ಹತ್ತಿರ ಹತ್ತಿರ 7 ಮೀಟರ್ ಎತ್ತರ, 10 ಮೀಟರ್ ಅಗಲ, ಲೂವ್ರ್‌ನ ಅತಿ ದೊಡ್ಡ ಚಿತ್ರಪಟ. ನೂರಕ್ಕೂ ಮಿಕ್ಕಿ ಜನ ಕೂತು ನಿಂತು ಊಟ ಮಾಡುತ್ತಿದ್ದಾರೆ, ಒಬ್ಬರ ಕೈಯಲ್ಲೂ ಫೋನಿಲ್ಲ.

ಮೆಟ್ಟಿಲುಗಳನ್ನೂ ಕೂಡಿಸಿ ನೋಡುವುದು ಒಳ್ಳೆಯದು. ಆರ್ಕ್ ದ ತ್ರಿಯೋಂಫ್ ಎಂಬ ವಿಜಯದ ಕಮಾನಿನ ತುದಿಗೆ 284, ಮೋಂಮಾರ್ತ್ ಗುಡ್ಡದ ಕೇಬಲ್ ಗಾಡಿಯ ಪಕ್ಕದಲ್ಲಿ 222, ಐಫೆಲ್ ಗೋಪುರದ ಎರಡನೆಯ ಅಂತಸ್ತಿಗೆ 674. ಒಟ್ಟು 1180. ಮೂರನ್ನೂ ಒಂದೇ ದಿನಕ್ಕೆ ಹಾಕಿಕೊಂಡ ಗುಂಪು ಸಂಜೆಗೆ ಮಾತು ಬಿಟ್ಟಿರುತ್ತದೆ, ಹೊಸ ಬೂಟು ಹಾಕಿಕೊಂಡು ಬಂದವರು ಗುಂಪನ್ನೇ ಬಿಟ್ಟಿರುತ್ತಾರೆ.

ಹಸಿವಿಗೂ ಅಲ್ಲಿ ವೇಳಾಪಟ್ಟಿ ಇದೆ. ಮಧ್ಯಾಹ್ನ ಎರಡೂವರೆ ದಾಟಿದರೆ ಬಹಳಷ್ಟು ರೆಸ್ಟೋರೆಂಟುಗಳ ಅಡುಗೆಮನೆ ಮುಚ್ಚುತ್ತದೆ, ಮತ್ತೆ ಒಲೆ ಹೊತ್ತುವುದು ಸಂಜೆ ಏಳರ ಸುಮಾರಿಗೆ. ‘ಇನ್ನೊಂದು ಜಾಗ ನೋಡಿಬಿಟ್ಟು ಊಟ’ ಅಂದವರನ್ನು ನಾಲ್ಕು ಗಂಟೆಗೆ ಎಲ್ಲರೂ ಒಂದು ಬಗೆಯಲ್ಲಿ ನೋಡುತ್ತಿರುತ್ತಾರೆ. ಕೂತಲ್ಲಿ ‘ಕರಾಫ್ ದೋ’ ಅಂದರೆ ಹೂಜಿ ನೀರು ಪುಕ್ಕಟೆ. ಬರೀ ನೀರು ಎಂದರೆ ಬಾಟಲಿ ಬರುತ್ತದೆ, ಬಿಲ್ಲೂ ಬರುತ್ತದೆ. ಬೀದಿಯಲ್ಲಿ 1872ರಿಂದ ನಿಂತಿರುವ ಹಸಿರು ವಾಲೇಸ್ ಕಾರಂಜಿಗಳ ನೀರನ್ನೂ ಕುಡಿಯಬಹುದು, ಚಳಿಗಾಲ ಒಂದು ಬಿಟ್ಟು.

ಕುಡಿದ ನೀರಿಗೆ ದಾರಿಯೂ ಬೇಕಲ್ಲ. ಬೀದಿ ಬದಿಯ ಶೌಚಾಲಯಗಳು ಪುಕ್ಕಟೆ, ಒಬ್ಬರು ಹೊರಬಂದು ಬಾಗಿಲು ಮುಚ್ಚಿದ ಮೇಲೆ ತಮ್ಮನ್ನು ತಾವೇ ತೊಳೆದುಕೊಳ್ಳುತ್ತವೆ. ಗೆಳೆತನದ ದಾಕ್ಷಿಣ್ಯಕ್ಕೆ ಬಾಗಿಲು ಹಿಡಿದು ಮುಂದಿನವರನ್ನು ಒಳಗೆ ಬಿಡಬಾರದು, ತೊಳೆಯುವ ಸರದಿ ತಪ್ಪುತ್ತದೆ. ಮಾರ್ಚಿಯ ಕೊನೆಯ ಭಾನುವಾರ ಊರಲ್ಲಿದ್ದರೆ ಇನ್ನೊಂದು ಸಂಗತಿ: ನಸುಕಿನ 2 ಗಂಟೆ ಇದ್ದಕ್ಕಿದ್ದಂತೆ 3 ಆಗುತ್ತದೆ. ಫೋನು ತಾನೇ ತಿದ್ದಿಕೊಳ್ಳುತ್ತದೆ, ಕೈಗಡಿಯಾರದವರು ರೈಲು ತಪ್ಪಿಸಿಕೊಳ್ಳುತ್ತಾರೆ.

ಕತ್ತಲಾದ ಮೇಲೆ ಐಫೆಲ್ ಗೋಪುರದ 20,000 ದೀಪಗಳು ಗಂಟೆ ಹೊಡೆಯುವ ಹೊತ್ತಿಗೆ ಮಿನುಗತೊಡಗುತ್ತವೆ, ಬರೀ ಐದು ನಿಮಿಷ. ಗೋಪುರದ ಎದುರಿನ ತ್ರೊಕಾದೆರೋ ಜಗಲಿಯಲ್ಲಿ ಹತ್ತು ನಿಮಿಷ ಮೊದಲೇ ಜಾಗ ಹಿಡಿದು ನಿಲ್ಲಬೇಕು. ಐವರು ನಿಂತಿರುತ್ತಾರೆ. ಆರನೆಯವರು ಈಗ ಬಂದೆ ಎಂದು ನೀರಿನ ಬಾಟಲಿ ತರಲು ಹೋಗಿ, ಆರನೆಯ ನಿಮಿಷಕ್ಕೆ ಬಂದು ‘ಶುರುವಾಯಿತಾ?’ ಎಂದು ಕೇಳುತ್ತಾರೆ. ಮುಂದಿನದು ಇನ್ನು ಐವತ್ತನಾಲ್ಕು ನಿಮಿಷಕ್ಕೆ.