ಟೋಕಿಯೊದ ದೊಡ್ಡ ಅಂಗಡಿ, ನಮ್ಮ ಬೀದಿಯ ತಳ್ಳುಗಾಡಿ

ಟೋಕಿಯೊದ ಪೂರ್ವದ ಅಂಚಿನಲ್ಲಿ ಎದೊಗಾವಾ ಎಂಬ ವಾರ್ಡ್ ಇದೆ. ಅಲ್ಲಿನ ನಿಶಿಕಸಾಯ್ ಸ್ಟೇಷನ್ ಸುತ್ತಮುತ್ತ ಭಾರತೀಯರು ಜಾಸ್ತಿ. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಬಂದವರು ಇಲ್ಲಿ ಮನೆ ಮಾಡಿದರು, ಆಮೇಲೆ ಬಂದವರೂ ಇಲ್ಲಿಗೇ ಬಂದು ಸೇರಿಕೊಂಡರು. ತೊಗರಿಬೇಳೆ, ಸೋನಾ ಮಸೂರಿ, ಕರಿಬೇವಿಗೆ ಭಾರತೀಯ ಅಂಗಡಿಗಳಿವೆ. ಹಾಲು, ತರಕಾರಿ, ಹಣ್ಣು, ಸಾಬೂನು ಬೇಕಾದರೆ ಜಪಾನಿನವರ ದೊಡ್ಡ ದಿನಸಿ ಅಂಗಡಿಗೇ ಹೋಗಬೇಕು. ನಾನು ಎಷ್ಟೋ ವರ್ಷಗಳಿಂದ ಅಲ್ಲಿಯೇ ಸಾಮಾನು ತರುತ್ತಿದ್ದೇನೆ. ಊರಿನಿಂದ ಬಂದ ನೆಂಟರು ಅಲ್ಲಿನ ಹೊಳಪು ನೋಡಿ, "ನಮ್ಮಲ್ಲೂ ಹೀಗೇ ಆಗಬೇಕು" ಅನ್ನುತ್ತಾರೆ. ನನ್ನ ಅನಿಸಿಕೆ ಸ್ವಲ್ಪ ಬೇರೆ. ಅಲ್ಲಿಂದ ನಾವು ಕಲಿಯಬೇಕಾದ್ದು ತುಂಬಾ ಇದೆ. ಆದರೆ ಆ ದೊಡ್ಡ ಅಂಗಡಿಯಿಂದ ಆಗದ ಒಂದು ಕೆಲಸವನ್ನು ನಮ್ಮ ಬೀದಿಯ ತಳ್ಳುಗಾಡಿ ದಿನವೂ ಮಾಡುತ್ತಿದೆ. ಅದನ್ನು ಬಿಟ್ಟುಕೊಡಲು ನಾವು ಯಾಕೆ ಇಷ್ಟು ಅವಸರ ಪಡುತ್ತಿದ್ದೇವೆ?

ಬಾಗಿಲು ದಾಟಿದ ಕೂಡಲೇ ತರಕಾರಿ. ಸೌತೆಕಾಯಿಗಳೆಲ್ಲ ಒಂದೇ ಉದ್ದ, ನೆಟ್ಟಗೆ. ಬೆಂಡೆಕಾಯಿ ಸಣ್ಣ ಬಲೆಚೀಲದಲ್ಲಿ ಎಂಟೋ ಹತ್ತೋ ಇರುತ್ತವೆ. ಎಲೆಕೋಸು ಅರ್ಧ ಹೋಳು, ಸಿಹಿಕುಂಬಳ ಕಾಲು ಹೋಳು, ಉದ್ದದ ಮೂಲಂಗಿಯನ್ನೂ ಅರ್ಧಕ್ಕೆ ಕತ್ತರಿಸಿ ಇಟ್ಟಿರುತ್ತಾರೆ. 2020ರ ಜನಗಣತಿಯ ಪ್ರಕಾರ ಜಪಾನಿನ 100 ಮನೆಗಳಲ್ಲಿ 38ರಲ್ಲಿ ವಾಸ ಇರುವುದು ಒಬ್ಬೊಬ್ಬರೇ. ಇಡೀ ಕೋಸು ಕೊಂಡು ಅವರು ಏನು ಮಾಡಬೇಕು? ತರಕಾರಿ ಯಾವ ಪ್ರಾಂತ್ಯದಲ್ಲಿ ಬೆಳೆದದ್ದು ಅಂತ ತಿಳಿಸುವುದು ಕಡ್ಡಾಯ. ಕೆಲವು ಅಂಗಡಿಗಳಲ್ಲಿ ಹತ್ತಿರದ ರೈತರಿಗೇ ಒಂದು ಮೂಲೆ ಇರುತ್ತದೆ. ಅಲ್ಲಿ ಬೆಳೆದವರ ಹೆಸರು, ಎಷ್ಟೋ ಸಲ ಫೋಟೊ ಕೂಡ ಇರುತ್ತದೆ. ನಮ್ಮ ಎದೊಗಾವಾದಲ್ಲೇ ಹುಟ್ಟಿದ ಕೊಮಾತ್ಸುನಾ ಸೊಪ್ಪನ್ನು ಇಲ್ಲಿನ ರೈತರು ಈಗಲೂ ಬೆಳೆಯುತ್ತಾರೆ. ಅದರ ಬಸ್ಸಾರು ತುಂಬಾ ಚೆನ್ನಾಗಿರುತ್ತದೆ, ಇಲ್ಲಿರುವ ಕನ್ನಡಿಗರು ಮಾಡಿ ನೋಡಿ. ನಮ್ಮ ಕೆಸವಿನ ಗಡ್ಡೆಯೂ ಸಿಗುತ್ತದೆ, ಸತೊಯಿಮೊ ಅಂತ ಬರೆದಿರುತ್ತದೆ.

ಊರಲ್ಲಿ ಬೆಂಡೆಕಾಯಿ ಎಳೆಯದೋ ಬಲಿತದ್ದೋ ಅಂತ ತುದಿ ಮುರಿದು ನೋಡುತ್ತೇವೆ. ಇಲ್ಲಿ ಯಾರೂ ಹಾಗೆ ಮುಟ್ಟಿ ನೋಡುವುದಿಲ್ಲ. ಕೆಟ್ಟದ್ದು ಸಾಲಿಗೆ ಬರದ ಹಾಗೆ ಮೊದಲೇ ಆರಿಸಿರುತ್ತಾರೆ. ಕೊಳ್ಳುವವರಿಗೆ ಇದರಿಂದ ನೆಮ್ಮದಿ, ನಿಜ. ಆದರೆ ಡೊಂಕು ಸೌತೆ, ಸೀಳಿದ ಕ್ಯಾರೆಟ್ ಬೆಳೆದ ರೈತನ ಗತಿ ಏನು ಅಂತ ನಾನು ಯಾವಾಗಲೂ ಯೋಚಿಸುತ್ತೇನೆ. ರುಚಿ ಒಂದೇ ಇದ್ದರೂ ಅಂಥವು ವಿಂಗಡಣೆಯಲ್ಲೇ ಹೊರಗೆ ಬೀಳುತ್ತವೆ. ನಮ್ಮ ಸಂತೆಯಲ್ಲಿ ಡೊಂಕು ಕಾಯಿಗೂ ಒಬ್ಬ ಗಿರಾಕಿ ಇರುತ್ತಾನೆ. ಈ ವಿಷಯದಲ್ಲಿ ಸಂತೆಯದೇ ಸರಿ.

ನನಗೆ ತುಂಬಾ ಇಷ್ಟವಾಗುವುದು ಸಂಜೆಯ ಹೊತ್ತಿನ ಅಂಗಡಿ. ಮುಚ್ಚುವ ಸಮಯ ಹತ್ತಿರವಾದಂತೆ ಒಬ್ಬರು ಸಿಬ್ಬಂದಿ ಸ್ಟಿಕ್ಕರ್ ಯಂತ್ರ ಹಿಡಿದು ಬರುತ್ತಾರೆ. ಊಟದ ಡಬ್ಬಿ, ಸುಶಿ, ಕರಿದ ತಿಂಡಿ, ಬ್ರೆಡ್ಡು, ತೋಫು, ಎಲ್ಲದಕ್ಕೂ ಮೊದಲು ಶೇ 20 ಕಡಿತ, ಆಮೇಲೆ ಶೇ 30, ಕೊನೆಗೆ ಅರ್ಧ ಬೆಲೆ. ಅಜ್ಜಂದಿರು, ವಿದ್ಯಾರ್ಥಿಗಳು, ಕೆಲಸ ಮುಗಿಸಿ ಬಂದವರು ಆಚೀಚೆ ನಿಂತು ಕಾಯುತ್ತಾರೆ. ಯಾರೂ ಕಿತ್ತಾಡುವುದಿಲ್ಲ. ಯಾರಿಗೂ ಅದರಲ್ಲಿ ನಾಚಿಕೆಯೂ ಇಲ್ಲ. ಅಂದು ಮಾಡಿದ ಅಡುಗೆ ಅಂದೇ ಯಾರದೋ ಹೊಟ್ಟೆಗೆ ಸೇರುತ್ತದೆ. ಅನ್ನ ಚೆಲ್ಲಬಾರದು ಅಂತ ನಮ್ಮ ಮನೆಗಳಲ್ಲೂ ಹೇಳಿಕೊಟ್ಟಿದ್ದಾರೆ, ಅಲ್ವಾ? ಅದನ್ನು ಅಂಗಡಿಯ ದಿನಚರಿಯಾಗಿ ಮಾಡಿರುವುದು ಇಲ್ಲಿನವರ ಹೆಚ್ಚುಗಾರಿಕೆ. ಬೆಂಗಳೂರಿನ ಬೇಕರಿಗಳಲ್ಲಿ, ದೊಡ್ಡ ಮಾರ್ಟ್‌ಗಳಲ್ಲಿ ರಾತ್ರಿ ಉಳಿದದ್ದಕ್ಕೂ ಹೀಗೇ ಮಾಡಬಹುದು. ಅದಕ್ಕೆ ಬೇಕಿರುವುದು ಒಂದು ಸ್ಟಿಕ್ಕರ್ ಅಷ್ಟೇ.

ಹಾಗಂತ ಇಲ್ಲಿ ಆಹಾರ ಪೋಲಾಗುವುದೇ ಇಲ್ಲ ಅಂದುಕೊಳ್ಳಬೇಡಿ. 2022ರ ಆರ್ಥಿಕ ವರ್ಷದಲ್ಲಿ, ತಿನ್ನಬಹುದಾಗಿದ್ದೂ ಕಸಕ್ಕೆ ಹೋದ ಆಹಾರ 47 ಲಕ್ಷ ಟನ್ನು ದಾಟಿತ್ತು ಎಂದು ಸರ್ಕಾರವೇ ಲೆಕ್ಕ ಕೊಟ್ಟಿದೆ. ಅದರಲ್ಲಿ ಅರ್ಧ ಮನೆಗಳಿಂದ ಹೋದದ್ದು, ಅರ್ಧ ವ್ಯಾಪಾರದಿಂದ. ಹಳೆಯ ವ್ಯಾಪಾರ ಪದ್ಧತಿಯೂ ಇದಕ್ಕೆ ಒಂದು ಕಾರಣ. ಒಂದು ಬಿಸ್ಕತ್ತಿಗೆ ಆರು ತಿಂಗಳ ಬಾಳಿಕೆ ಇದ್ದರೆ ಮೊದಲ ಎರಡು ತಿಂಗಳೊಳಗೆ ಅದು ಅಂಗಡಿಗೆ ಬರಬೇಕು, ಮುಂದಿನ ಎರಡು ತಿಂಗಳಲ್ಲಿ ಮಾರಾಟ ಆಗಬೇಕು. ತಡವಾದರೆ ವಾಪಸ್ಸು. ಬೇಕಾದಷ್ಟು ದಿನ ಬಾಳುವ ಸಾಮಾನೂ ಹೀಗೆ ಹಾಳಾಗುತ್ತಿತ್ತು. ಈಗ ಈ ಪದ್ಧತಿಯನ್ನು ಸಡಿಲಿಸುತ್ತಿದ್ದಾರೆ. ಆಹಾರ ಪೋಲು ತಡೆಯಲು 2019ರಲ್ಲಿ ಕಾನೂನೂ ಬಂತು. ಈಗ ಹಾಲಿನ ಸಾಲಿನ ಮುಂದೆ ಒಂದು ಚೀಟಿ ಕಾಣುತ್ತದೆ: ಇವತ್ತೇ ಬಳಸುವುದಾದರೆ ಮುಂದೆ ಇಟ್ಟದ್ದನ್ನೇ ತೆಗೆದುಕೊಳ್ಳಿ. ಹಿಂದಿನ ಸಾಲಿಗೆ ಕೈಹಾಕಿ ಹೊಸ ದಿನಾಂಕದ ಪ್ಯಾಕೆಟ್ಟು ಎಳೆಯುವುದು ನಮ್ಮೂರಲ್ಲೂ ಇದೆ, ಇಲ್ಲೂ ಇದೆ. ಚೀಟಿ ಹಾಕಿದ ಮೇಲೆ ಮುಂದಿನದನ್ನೇ ಎತ್ತಿಕೊಳ್ಳುವವರನ್ನು ನಾನು ಕಣ್ಣಾರೆ ಕಾಣುತ್ತಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ನನಗೆ ನಮ್ಮ ದೇಶದ ಪದ್ಧತಿಯ ಬಗ್ಗೆ ಹೆಮ್ಮೆ ಇದೆ. ಅದು ಪೊಟ್ಟಣದ ಮೇಲಿನ ಹಸಿರು ಚುಕ್ಕೆ. ಸಸ್ಯಾಹಾರಿಗಳಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಗುತ್ತದೆ. ಜಪಾನಿನ ಅಡುಗೆಯ ಬುಡದಲ್ಲೇ ದಾಶಿ ಎಂಬ ಸಾರು ಇದೆ. ಅದನ್ನು ಸಾಮಾನ್ಯವಾಗಿ ಒಣಗಿಸಿದ ಕತ್ಸುವೊ ಮೀನಿನಿಂದ ತೆಗೆಯುತ್ತಾರೆ. ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟು, ನೂಡಲ್ಸ್, ಅಕ್ಕಿಯ ಗರಿಗರಿ ತಿಂಡಿ, ಬರೀ ತರಕಾರಿಯಂತೆ ಕಾಣುವ ಪಲ್ಯ, ಯಾವುದರಲ್ಲಿ ಬೇಕಾದರೂ ಅದು ಇರಬಹುದು. ಅಲರ್ಜಿಯ ವಿಷಯದಲ್ಲಿ ಇವರದು ಬಲು ಕಟ್ಟುನಿಟ್ಟು. ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ, ಸೋಬಾ ಎಂಬ ಬಕ್‌ವೀಟ್ ಧಾನ್ಯ, ಸೀಗಡಿ, ಏಡಿ, ಅಕ್ರೋಟು, ಇಂಥವನ್ನು ನಮೂದಿಸಲೇಬೇಕು. ಆದರೆ ಕತ್ಸುವೊ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಸಸ್ಯಾಹಾರಿ ಸಣ್ಣ ಅಕ್ಷರಗಳನ್ನು ಒಂದೊಂದೇ ಓದಬೇಕು, ಇಲ್ಲವೇ ಫೋನಿನ ಕ್ಯಾಮೆರಾ ಹಿಡಿಯಬೇಕು. ಕಡಲಪಾಚಿಯಿಂದ ಮಾಡಿದ ಕೊಂಬು ದಾಶಿಯೂ ಸಿಗುತ್ತದೆ, ಹೊಸದಾಗಿ ಬಂದವರು ಅದನ್ನು ಹುಡುಕಿಕೊಳ್ಳಿ. ಇನ್ನೊಂದು ಕಡೆ, ಇವರ ಹಾಲಿನ ಕಾಗದದ ಡಬ್ಬದ ತಲೆಯಲ್ಲಿ ಅರ್ಧಚಂದ್ರದಂಥ ಒಂದು ಕಚ್ಚು ಇರುತ್ತದೆ. ಕಣ್ಣು ಕಾಣದವರು ಬೆರಳಾಡಿಸಿದರೆ ಅದು ಹಾಲು, ಜ್ಯೂಸ್ ಅಲ್ಲ ಅಂತ ತಿಳಿಯುತ್ತದೆ. ಇಂಥ ಕಾಳಜಿ ನಮ್ಮ ಹಾಲಿನ ಪೊಟ್ಟಣಕ್ಕೂ ಬರಲಿ. ನಮ್ಮ ಹಸಿರು ಚುಕ್ಕೆ ಇಲ್ಲಿಗೂ ಬರಲಿ.

ಬಿಲ್ಲಿನ ಕೌಂಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಸಾಮಾನು ಜೋಡಿಸುವ ಚೆಂದ ನೋಡಿಯೇ ತಿಳಿಯಬೇಕು: ಭಾರದ್ದು ಕೆಳಗೆ, ಮೊಟ್ಟೆ, ಬ್ರೆಡ್ಡು ಮೇಲೆ. ದುಡ್ಡು ಕೊಟ್ಟ ಮೇಲೆ ಪಕ್ಕದ ಮೇಜಿಗೆ ಹೋಗಿ ನಮ್ಮ ಚೀಲಕ್ಕೆ ನಾವೇ ತುಂಬಿಕೊಳ್ಳಬೇಕು. 2020ರ ಜುಲೈಯಿಂದ ಪ್ಲಾಸ್ಟಿಕ್ ಚೀಲ ಪುಕ್ಕಟೆ ಕೊಡುವ ಹಾಗಿಲ್ಲ. ಬಾಗಿಲ ಬಳಿ ತೊಳೆದ ಪ್ಯಾಕಿಂಗ್ ತಟ್ಟೆಗಳು, ಬಿಡಿಸಿ ಒಣಗಿಸಿದ ಹಾಲಿನ ಡಬ್ಬ, ಬಾಟಲಿಗಳಿಗೆ ಬೇರೆ ಬೇರೆ ತೊಟ್ಟಿ. ಇಷ್ಟೆಲ್ಲ ಮಾಡುವ ಜನ ಒಂದೊಂದು ಬಿಸ್ಕತ್ತಿಗೂ ಒಂದೊಂದು ಪ್ಲಾಸ್ಟಿಕ್ ಹೊದಿಕೆ ಹಾಕುವುದನ್ನು ಮಾತ್ರ ನಾನು ಒಪ್ಪಲಾರೆ. ಬಳಸಿದ ಮೇಲೆ ವಿಂಗಡಿಸುವುದಕ್ಕಿಂತ ಬಳಸದೇ ಇರುವುದು ಮೇಲು. ಬಟ್ಟೆಚೀಲ ಹಿಡಿದು ಸಂತೆಗೆ ಹೋಗುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು.

ಇಯಾನ್ ಅಂಗಡಿಗಳ ಹಳದಿ ರಸೀದಿಯ ಬಗ್ಗೆ ಹೇಳಲೇಬೇಕು. ಪ್ರತಿ ತಿಂಗಳ 11ನೇ ತಾರೀಖು ಬಿಲ್ಲು ಹಳದಿ ಕಾಗದದಲ್ಲಿ ಬರುತ್ತದೆ. ಒಂದು ಕಡೆ ಪಾರದರ್ಶಕ ಡಬ್ಬಗಳ ಸಾಲು ಇರುತ್ತದೆ. ಪ್ರತಿ ಡಬ್ಬದ ಮೇಲೂ ಆ ಊರಿನದೇ ಒಂದು ಸೇವಾ ಗುಂಪಿನ ಹೆಸರು. ನಮ್ಮ ರಸೀದಿಯನ್ನು ಮೆಚ್ಚಿದ ಗುಂಪಿನ ಡಬ್ಬಕ್ಕೆ ಹಾಕಿದರೆ, ಆ ರಸೀದಿಗಳ ಮೊತ್ತದ ಶೇ 1ರಷ್ಟು ಬೆಲೆಯ ಸಾಮಾನನ್ನು ಕಂಪನಿ ಆ ಗುಂಪಿಗೆ ಕೊಡುತ್ತದೆ. 2001ರಿಂದ ನಡೆದುಬಂದಿದೆ. ಮೊತ್ತ ಸಣ್ಣದಿರಬಹುದು. ಆದರೆ ಯಾರಿಗೆ ಕೊಡಬೇಕು ಅಂತ ತೀರ್ಮಾನಿಸುವುದು ಗಿರಾಕಿ, ಕೊಡುವುದು ತನ್ನದೇ ಊರಿಗೆ. ಕರ್ನಾಟಕದ ದೊಡ್ಡ ಅಂಗಡಿಯವರು ಇದನ್ನು ನಾಳೆಯೇ ಶುರು ಮಾಡಬಹುದು. ಸುತ್ತಲಿನ ಸರ್ಕಾರಿ ಶಾಲೆಗಳ ಹೆಸರನ್ನೇ ಡಬ್ಬಗಳ ಮೇಲೆ ಬರೆಯಲಿ.

ಇಷ್ಟು ಹೊಗಳಿದ ಮೇಲೆ ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಆ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲ ನೋಡಿ ಮೆಚ್ಚಿದರು. ಹೊರಗೆ ಬಂದ ಮೇಲೆ, "ಇಷ್ಟೊಂದು ಜನ ಇದ್ರು, ಒಬ್ರೂ ಒಬ್ಬರ ಜೊತೆ ಮಾತಾಡ್ಲಿಲ್ಲ ನೋಡು" ಅಂದರು. ಮೈಸೂರಿನಲ್ಲಿ ಅವರ ಮನೆಯ ಮುಂದೆ ಬೆಳಿಗ್ಗೆ ಸೊಪ್ಪಿನ ಗಾಡಿ ಬರುತ್ತದೆ. ಗಾಡಿಯಾಕೆಗೆ ಅಮ್ಮನ ಮಂಡಿನೋವು ಗೊತ್ತು, ಅಮ್ಮನಿಗೆ ಆಕೆಯ ಮಗಳ ಪರೀಕ್ಷೆ ಗೊತ್ತು. ಚಿಲ್ಲರೆ ಇಲ್ಲದಿದ್ದರೆ "ನಾಳೆ ಕೊಡಿ ಅಮ್ಮಾ" ಅನ್ನುತ್ತಾಳೆ. ಕೊನೆಗೆ ಒಂದೆಳೆ ಕರಿಬೇವು ಕೊಸರು. ಅಮ್ಮ ಒಂದು ದಿನ ಬಾಗಿಲಿಗೆ ಬರದಿದ್ದರೆ ಆಕೆ ಗೇಟು ಬಡಿದು ಕೂಗುತ್ತಾಳೆ. ದೂರದಲ್ಲಿರುವ ಮಗನಿಗೆ ಇದಕ್ಕಿಂತ ದೊಡ್ಡ ಧೈರ್ಯ ಯಾವುದಿದೆ?

ಜಪಾನಿನಲ್ಲೂ ಒಂದು ಕಾಲಕ್ಕೆ ಪ್ರತಿ ಬಡಾವಣೆಗೆ ತರಕಾರಿಯವನು, ತೋಫು ಮಾಡುವವನು, ಅಕ್ಕಿಯವನು ಇದ್ದರು. ಅವರನ್ನು ಕಾಪಾಡಲೆಂದೇ 1970ರ ದಶಕದಲ್ಲಿ ದೊಡ್ಡ ಅಂಗಡಿಗಳಿಗೆ ಲಗಾಮು ಹಾಕುವ ಕಾನೂನು ಇತ್ತು. ಅದು ಮೆಲ್ಲಗೆ ಸಡಿಲವಾಗಿ 2000ದಲ್ಲಿ ರದ್ದಾಯಿತು. ಊರಾಚೆ ಕಾರು ನಿಲ್ಲಿಸಲು ಜಾಗವಿರುವ ದೊಡ್ಡ ಅಂಗಡಿಗಳು ಎದ್ದವು. ಊರೊಳಗಿನ ಅಂಗಡಿ ಬೀದಿಗಳಲ್ಲಿ ಷಟರ್‌ಗಳು ಒಂದೊಂದಾಗಿ ಇಳಿದವು. ಆಮೇಲೆ ಜನ ಮುದುಕರಾದರು, ಕಾರು ಓಡಿಸುವುದು ನಿಂತಿತು. 2020ರ ಲೆಕ್ಕದಲ್ಲಿ, ಆಹಾರ ಸಾಮಾನು ತರಲು ಕಷ್ಟಪಡುವ 65 ದಾಟಿದವರು ಸುಮಾರು 90 ಲಕ್ಷ ಎಂದು ಇಲ್ಲಿನ ಕೃಷಿ ಇಲಾಖೆಯೇ ಅಂದಾಜು ಮಾಡಿದೆ. ಆ ವಯಸ್ಸಿನವರಲ್ಲಿ ನಾಲ್ವರಲ್ಲಿ ಒಬ್ಬರು!

ಅದಕ್ಕೆ ಇವರು ಕಂಡುಕೊಂಡ ದಾರಿ ಏನು ಗೊತ್ತಾ? ಗಾಡಿ. 2012ರಲ್ಲಿ ತೊಕುಶಿಮಾ ಪ್ರಾಂತ್ಯದಲ್ಲಿ ತೊಕುಶಿಮಾರು ಎಂಬ ಸಂಸ್ಥೆ ಶುರುವಾಯಿತು. ಪುಟ್ಟ ಲಾರಿಯಲ್ಲಿ ಫ್ರಿಜ್ ಕೂರಿಸಿ, ಹತ್ತಿರದ ದಿನಸಿ ಅಂಗಡಿಯಿಂದ ತರಕಾರಿ, ಮೀನು, ಹಾಲು, ಸಿಹಿತಿಂಡಿ ತುಂಬಿಕೊಂಡು ಹಿರಿಯರ ಮನೆಬಾಗಿಲಿಗೆ ಹೋಗುತ್ತಾರೆ. ವಾರಕ್ಕೆರಡು ಸಲ, ಗೊತ್ತಾದ ಹೊತ್ತಿಗೆ. ಪ್ರತಿ ವಸ್ತುವಿಗೂ ಅಂಗಡಿ ಬೆಲೆಗಿಂತ ಕೆಲವೇ ಯೆನ್ ಜಾಸ್ತಿ. ಬೇಡದ್ದನ್ನು ಒತ್ತಾಯ ಮಾಡಿ ಮಾರಬಾರದು, ಸಣ್ಣ ಅಂಗಡಿ ಇರುವಲ್ಲಿ 300 ಮೀಟರಿನೊಳಗೆ ಗಾಡಿ ನಿಲ್ಲಿಸಬಾರದು ಅಂತ ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದಾರೆ. ಅಜ್ಜಿಯ ಮುಖ ಬಾಡಿದ್ದರೆ ಗಾಡಿಯವರು ವಿಚಾರಿಸುತ್ತಾರೆ. ಇಂಥ ಗಾಡಿಗಳು ಈಗ ದೇಶದ ತುಂಬ ಸಾವಿರಕ್ಕೂ ಹೆಚ್ಚು ಓಡುತ್ತಿವೆ. ಜಪಾನು ಕಳೆದುಕೊಂಡು, ಕಷ್ಟಪಟ್ಟು ಮತ್ತೆ ಕಟ್ಟಿಕೊಳ್ಳುತ್ತಿರುವುದು ನಮ್ಮ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿರುವುದನ್ನೇ.

ನಾವು ಏನು ಮಾಡುತ್ತಿದ್ದೇವೆ? ಬೆಂಗಳೂರು, ಮೈಸೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಗಾಡಿಯವರನ್ನು ಗೇಟಿನ ಹತ್ತಿರವೂ ನಿಲ್ಲಗೊಡುವುದಿಲ್ಲ. ಆ್ಯಪಿನ ಹುಡುಗ ಹತ್ತು ನಿಮಿಷದಲ್ಲಿ ಬರುತ್ತಾನೆ, ಚೀಲ ಇಟ್ಟು ಓಡುತ್ತಾನೆ. ಅವನ ಮೇಲೆ ನನಗೆ ದೂರಿಲ್ಲ, ಅವನಿಗೆ ನಿಲ್ಲಲು ಪುರುಸೊತ್ತು ಕೊಟ್ಟವರಿಲ್ಲ. ಬೀದಿ ವ್ಯಾಪಾರಿಗಳಿಗೆ ಜಾಗ, ಗುರುತಿನ ಪತ್ರ ಕೊಡಬೇಕು ಅಂತ 2014ರಲ್ಲೇ ನಮ್ಮಲ್ಲಿ ಕಾನೂನು ಆಗಿದೆ. ಅದು ಇದ್ದೂ ಗಾಡಿಯವರನ್ನು ಅಲ್ಲಿಂದಿಲ್ಲಿಗೆ ಅಟ್ಟುವುದು ನಿಂತಿಲ್ಲ.

ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಮೊದಲು ಎರಡು ಗಾಡಿಗಳು ಬರುತ್ತಿದ್ದವು, ಈಗ ಬಿಡುತ್ತಿಲ್ಲ. ಅಲ್ಲಿನ ಸಂಘಕ್ಕೆ ಅವಳ ಕೈಯಲ್ಲಿ ಒಂದು ಕಾಗದ ಬರೆದು ಕೊಟ್ಟಿದ್ದೇನೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಗೇಟಿನೊಳಗೆ ನೆರಳಿರುವ ಕಡೆ ಗಾಡಿಗಳಿಗೆ ಜಾಗ ಕೊಡಿ. ಸೊಪ್ಪಿಗೆ ಚಿಮುಕಿಸಲು ನಲ್ಲಿ ನೀರು ಕೊಡಿ. ಗಾಡಿಯವರ ಹೆಸರು, ಫೋನ್ ನಂಬರ್ ಕಾವಲಿನವರ ಹತ್ತಿರ ಇರಲಿ. ಕೆಳಗಿಳಿಯಲಾಗದ ಹಿರಿಯರ ಮನೆಗೆ ಮೇಲೆ ಹೋಗಿ ಕೊಡಲು ಲಿಫ್ಟ್ ಬಳಸಲು ಬಿಡಿ. ಕಸದ ಚಿಂತೆ ಇದ್ದರೆ ಒಂದು ಬುಟ್ಟಿ ಇಡಿ, ಅದರ ಖರ್ಚು ನನ್ನದು.