ಸಾವಿರ ಮೆಟ್ಟಿಲು, ನೂರೆಂಟು ಲೆಕ್ಕ

ಚಾಮುಂಡಿ ಬೆಟ್ಟಕ್ಕೆ ಎಷ್ಟು ಮೆಟ್ಟಿಲು ಅಂತ ಮೈಸೂರಿನವರನ್ನು ಕೇಳಬಾರದು. ಸಾವಿರ ಅನ್ನುವವರು, ಸಾವಿರದೆಂಟು ಅನ್ನುವವರು, ‘ಸಾವಿರ ಚಿಲ್ಲರೆ’ ಅಂತ ಜಾರಿಕೊಳ್ಳುವವರು ಎಲ್ಲರೂ ಸಿಗುತ್ತಾರೆ. ಎಣಿಸಿದವರು ಮಾತ್ರ ಸಿಗುವುದಿಲ್ಲ. ಈ ಕೊರತೆ ನೀಗಿಸಲು ಬೆಂಗಳೂರಿನಿಂದ ನಮ್ಮ ಭಾವ ಬಂದರು. ಕೈಯಲ್ಲಿ ಹೆಜ್ಜೆ ಎಣಿಸುವ ವಾಚು.

ದೊಡ್ಡಮ್ಮನಿಗೂ ಹರಕೆಯೊಂದು ಬಾಕಿ ಇತ್ತು: ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ. ಆಷಾಢ ಶುಕ್ರವಾರದ ನೂಕುನುಗ್ಗಲು ಬೇಡವೆಂದು ಭಾನುವಾರ ಬೆಳಿಗ್ಗೆ ಹೊರಟೆವು. ಬೆಟ್ಟದ ಪಾದದಲ್ಲಿ ಸ್ಕೂಟರ್ ನಿಲ್ಲಿಸಿ, ಚಪ್ಪಲಿಗಳನ್ನೆಲ್ಲ ಡಿಕ್ಕಿಯೊಳಗೆ ತುರುಕಿದೆವು. ಬಟ್ಟಲು ಹಿಡಿಯುವ ಕೆಲಸ ನನ್ನದು.

17ನೇ ಶತಮಾನದಲ್ಲಿ ಈ ಮೆಟ್ಟಿಲು ಕಟ್ಟಿಸಿದವರು ದೊಡ್ಡ ದೇವರಾಜ ಒಡೆಯರು. ಮುಂದೊಂದು ದಿನ ಯಾರೋ ವಾಚು ಕಟ್ಟಿಕೊಂಡು ಲೆಕ್ಕಕ್ಕೆ ಬರುತ್ತಾರೆಂದು ಅವರಿಗೆ ಹೊಳೆದಿರಲಾರದು. ಒಂದು ಮೆಟ್ಟಿಲು ಗೇಣುದ್ದ, ಇನ್ನೊಂದು ಮೊಣಕಾಲೆತ್ತರ. ನಡುವೆ ಅಲ್ಲಲ್ಲಿ ಚಪ್ಪಟೆ ಕಲ್ಲು. ಅದು ಲೆಕ್ಕಕ್ಕಿಲ್ಲ ಅಂತ ಭಾವ. “ಕಾಲಿಟ್ಟ ಮೇಲೆ ಅದೂ ಮೆಟ್ಟಿಲೇ ಅಲ್ವಾ ಅಳಿಯಂದ್ರೇ?” ಅಂತ ದೊಡ್ಡಮ್ಮ ಕುಂಕುಮ ಇಟ್ಟೇಬಿಟ್ಟರು.

ಬೆಟ್ಟವನ್ನೇ ಜಿಮ್ ಮಾಡಿಕೊಂಡ ಹುಡುಗರು ನಮ್ಮ ಪಕ್ಕದಲ್ಲೇ ಓಡಿ ಹತ್ತುತ್ತಿದ್ದರು, ಓಡಿ ಇಳಿಯುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ದೊಡ್ಡಮ್ಮನ ಬೆರಳು ಕಲ್ಲು ಮುಟ್ಟುವ ಹೊತ್ತಿಗೆ ಅಲ್ಲೊಂದು ಬೂಟು ಬಂದು ಕೂತಿತು. ಬೆಳ್ಳಗಿನ ಹೊಸ ಬೂಟು. “ಆಂಟೀ!” ಅಂತ ಆ ಹುಡುಗ ಕೂಗಿದ. “ಹೋಗ್ಲಿ ಬಿಡಪ್ಪಾ, ಅದಕ್ಕೂ ಒಳ್ಳೇದಾಗ್ಲಿ” ಅಂದರು.

ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,500 ಅಡಿ. ಮೈಸೂರೇ ಸುಮಾರು 2,500 ಅಡಿ ಎತ್ತರದಲ್ಲಿರುವುದರಿಂದ ನಮಗೆ ಉಳಿದದ್ದು ಸಾವಿರ ಅಡಿ ಮಾತ್ರ ಎಂದು ಭಾವ ಏದುಸಿರಿನಲ್ಲೇ ವಿವರಿಸಿದರು. ಮೊಣಕಾಲು ಈ ಸಮಾಧಾನವನ್ನು ಒಪ್ಪಲಿಲ್ಲ. ಇಳಿದು ಬರುವವರನ್ನು “ಇನ್ನೆಷ್ಟಿದೆ ಸಾರ್?” ಅಂತ ಕೇಳಿದರೆ, “ಇನ್ನೇನ್, ಬಂದೇಬಿಡ್ತು ನಂದಿ!” ಅನ್ನುತ್ತಾರೆ. ನೂರು ಮೆಟ್ಟಿಲಾದ ಮೇಲೆ ಸಿಕ್ಕವರೂ ಅದನ್ನೇ ಅಂದರು. ತಾಯಿಯ ದರ್ಶನ ಮುಗಿಸಿ ಬರುವಾಗಲೇ ಇಷ್ಟು ಸರಾಗವಾಗಿ ಸುಳ್ಳು ಹೇಳುವ ಜನ ಬೇರೆಲ್ಲೂ ಇರಲಾರರು.

ನಂದಿ ಸಿಗುವುದು ಸುಮಾರು 700ನೇ ಮೆಟ್ಟಿಲಿಗೆ. ಒಂದೇ ಕಲ್ಲಿನಲ್ಲಿ ಕಡೆದ ಬಸವ, ಹದಿನೈದಡಿಗೂ ಮಿಕ್ಕಿದ ಎತ್ತರ. ಡಾಂಬರು ರಸ್ತೆಯೂ ಅಲ್ಲಿಗೇ ಬರುವುದರಿಂದ, ಕಾರಿನಿಂದ ಘಮಘಮ ಅಂತ ಇಳಿದವರ ಸೆಲ್ಫಿಯಲ್ಲಿ ಹಿಂಡಿದ ಬಟ್ಟೆಯಂತಿದ್ದ ನಾವೂ ಸೇರಿಕೊಂಡೆವು. ಅಲ್ಲಿಂದ ಸ್ವಲ್ಪ ಮೇಲೆ ಕೋತಿಯೊಂದು ದೊಡ್ಡಮ್ಮನ ಚೀಲಕ್ಕೇ ಕೈ ಹಾಕಿತು. ಬಾಳೆಹಣ್ಣು ಅದಕ್ಕೆ, ಚೀಲ ನಮಗೆ ಎಂದು ರಾಜಿಯಾಗುವ ಹೊತ್ತಿಗೆ ನಾವೆಲ್ಲ ದಿಕ್ಕಾಪಾಲಾಗಿ ಒಂದಷ್ಟು ಮೆಟ್ಟಿಲು ಮೇಲೆ ಓಡಿದ್ದೆವು. ಭಾವನ ಎಣಿಕೆಯೂ ಅಲ್ಲೇ ಕಳೆದುಹೋಯಿತು. ಇನ್ನು ವಾಚು, ದೊಡ್ಡಮ್ಮನಿಗಾಗಿ ಅವರು ಅತ್ತಿತ್ತ ಶತಪಥ ಹಾಕಿದ್ದನ್ನೂ ಕೂಡಿಸಿಕೊಂಡು ನಾಲ್ಕು ಸಾವಿರ ದಾಟಿಸಿತ್ತು.

ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ಗೋಪುರ ಕಂಡದ್ದೇ ತಡ, ದೊಡ್ಡಮ್ಮನಿಗೆ ಆಯಾಸವೆಲ್ಲ ಇಳಿಯಿತು. ಭಾವನಿಗೆ ಕಾಲು ನಡುಗಲು ಶುರುವಾಯಿತು. ದರ್ಶನ ಮುಗಿದ ಮೇಲೆ, “ಇಳಿಯೋದು ಹತ್ತೋದಕ್ಕಿಂತ ಅಪಾಯ, ಮಂಡಿಗೆ ಪೆಟ್ಟು” ಅಂತ ವೈದ್ಯಶಾಸ್ತ್ರ ಹೇಳಿ ನಮ್ಮನ್ನೆಲ್ಲ 201 ನಂಬರ್ ಬಸ್ಸಿಗೆ ಹತ್ತಿಸಿದರು. ಸೀಟೂ ಸಿಕ್ಕಿತು. ಬಸ್ಸು ನಮ್ಮನ್ನು ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದಾಗ ನೆತ್ತಿ ಮೇಲೆ ಬಿಸಿಲು, ಕೆಳಗೆ ಕಾದ ನೆಲ, ಚಪ್ಪಲಿ ಮಾತ್ರ ಬೆಟ್ಟದ ಪಾದದ ಡಿಕ್ಕಿಯಲ್ಲಿ.

ಕುಂಕುಮ ಮೆತ್ತಿದ ಕೈ, ಕುಪ್ಪಳಿಸುವ ಬರಿಗಾಲು ನೋಡಿ ಆಟೋದವರು ಮೀಟರಿನ ಮಾತೇ ಎತ್ತಲಿಲ್ಲ. ಕೇಳಿದಷ್ಟು ಕೊಟ್ಟು ಪಾದಕ್ಕೆ ಬಂದು ಚಪ್ಪಲಿ ಮೆಟ್ಟಿಕೊಂಡೆವು. ದೊಡ್ಡಮ್ಮ ಮಾತ್ರ ಬೆಟ್ಟದ ಕಡೆಗೇ ನೋಡುತ್ತಿದ್ದರು.

“ಅಲ್ಲಾ, ಆ ಕೋತಿ ಗಲಾಟೇಲಿ ಒಂದಷ್ಟು ಮೆಟ್ಲಿಗೆ ಕುಂಕುಮಾನೇ ಇಡ್ಲಿಲ್ವಲ್ಲೋ. ಅವೆಷ್ಟು ಅಂತ ಅಳಿಯಂದ್ರೇನಾದ್ರೂ ಎಣ್ಸಿದ್ರಾ, ಕೇಳು.”

ಭಾವ ಆಗಲೇ ಸ್ಕೂಟರ್ ಸ್ಟಾರ್ಟ್ ಮಾಡಿದ್ದರು.